ಗಣಪಿಯ ಗಜಕರ್ಣ

ಮಿರ್ಜಾನಿನಿಂದ ತುಸು ಈಚೆ, ಹೆದ್ದಾರಿ ಬಿಟ್ಟು ಗದ್ದೆಬಯಲಿಗೆ ಇಳಿಯುವ ಮಣ್ಣುರಸ್ತೆಯ ಕೊನೆಗೆ ಹಾಲಕ್ಕಿ ಒಕ್ಕಲಿಗರ ಒಂದು ಸಣ್ಣ ಕೊಪ್ಪವಿದೆ. ಅಲ್ಲಿ ಗಣಪಿಯ ಮನೆ ಯಾವುದೆಂದು ಕೇಳಿದರೆ ಜನ ತಿರುಗಿ ಕೇಳುವುದು ಒಂದೇ ಮಾತು, ಹಾಡುವ ಗಣಪಿಯೋ ಎಂದು. ವಯಸ್ಸು ಅರವತ್ತರ ಆಸುಪಾಸು. ಹುಟ್ಟಿದ ವರ್ಷ ಅವಳಿಗೂ ಗೊತ್ತಿಲ್ಲ. ಮಳೆಗಾಲದಲ್ಲಿ ಭತ್ತ, ಆ ಗದ್ದೆ ಒಣಗಿದ ಮೇಲೆ ಹರಿವೆ, ಮೂಲಂಗಿ, ಸಿಹಿ ಈರುಳ್ಳಿ. ಈರುಳ್ಳಿಯನ್ನು ಜಡೆ ಹೆಣೆದು ಹೆದ್ದಾರಿಯ ಪಕ್ಕ ತೂಗುಹಾಕಿ ಕೂತಳೆಂದರೆ ಹೋಗುವ ಕಾರುಗಳು ನಿಲ್ಲುತ್ತಿದ್ದವು. ಗಂಡ ದೇವು ಮಾತು ಕಡಿಮೆಯ ಮನುಷ್ಯ, ಈಚೆಗೆ ಕಣ್ಣು ಮಂಜು. ಮಗ ಶನಿಯಾರ ಕುಮಟೆಯಲ್ಲಿ ಗೂಡ್ಸ್ ರಿಕ್ಷಾ ಓಡಿಸುತ್ತಾನೆ. ಸೊಸೆ ಮಂಗಲಾ ಓಂ ಬೀಚಿನ ಒಂದು ಗೆಸ್ಟ್‌ಹೌಸಿನಲ್ಲಿ ಹಾಸಿಗೆಬಟ್ಟೆ ಒಗೆದು, ಒಣಗಿಸಿ, ಮಡಚಿಡುವ ಕೆಲಸಕ್ಕೆ ಬೆಳಗಿನ ಬಸ್ಸು ಹಿಡಿಯುತ್ತಿದ್ದಳು. ಅವಳು ಹೋದ ಮೇಲೆ ಮೊಮ್ಮಗಳು ಅಂಕಿತಾ ಪೂರ್ತಿ ಗಣಪಿಯ ಪಾಲು.

ಆ ಕೂಸಿಗೆ ತೊಟ್ಟಿಲು ಹಿಡಿಸುತ್ತಿರಲಿಲ್ಲ. ಅಜ್ಜಿಯ ಎದೆಯ ಮೇಲೆ, ಕೊರಳ ತುಂಬ ಇಳಿಬಿದ್ದ ಕರಿಮಣಿ ಸರಗಳಿಗೆ ಕೆನ್ನೆ ಒತ್ತಿ ಮಲಗಬೇಕು. ಗಣಪಿ ಒಂದು ಕೈಯಲ್ಲಿ ಮಗುವನ್ನು ಅವುಚಿಕೊಂಡು ಇನ್ನೊಂದು ಕೈಯಲ್ಲಿ ಸೊಪ್ಪು ಕಟ್ಟುವಳು.

ಮೊದಲ ಕಲೆ ಎದ್ದದ್ದು ಆ ಸರಗಳ ಅಡಿಯಲ್ಲೇ. ಈರುಳ್ಳಿ ಕೀಳುವ ಕಾಲ. ಬಿಸಿಲಿಗೆ ಬೆವರು ಇಳಿದು ಮಣಿಗಳ ನಡುವೆ ಆರದೆ ನಿಲ್ಲುತ್ತಿತ್ತು. ಸೊಳ್ಳೆ ಕಚ್ಚಿದ್ದಿರಬೇಕೆಂದು ಅವಳು ಕೆರೆದುಕೊಂಡು ಸುಮ್ಮನಾದಳು. ಕೆಲವು ದಿನಗಳಲ್ಲಿ ಅದು ಅಗಲವಾಗಿ, ನಡುವೆ ಮಾಸಲಾಗಿ, ಸುತ್ತ ಕೆಂಪು ಅಂಚು ಕಟ್ಟಿಕೊಂಡು ಬಳೆಯ ಹಾಗೆ ಕಂಡಾಗ, ಇದು ಗಜಕರ್ಣ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಚಿಕ್ಕಂದಿನಲ್ಲಿ ಅಣ್ಣನಿಗೆ ಬಂದಾಗ ಅವ್ವ ಸೀಮೆ ಅಗಸೆಯ ಎಲೆ ಅರೆದು ಹಚ್ಚಿ ವಾಸಿ ಮಾಡಿದ್ದಳು. ಗಣಪಿಯೂ ಬೇಲಿಯಿಂದ ಎಲೆ ಕಿತ್ತು ತಂದು ಅರೆದು ಹಚ್ಚಿದಳು. ಉರಿಯಿತೇ ಹೊರತು ಹೋಗಲಿಲ್ಲ.

ಶನಿಯಾರ ಪೇಟೆಯ ಔಷಧಿ ಅಂಗಡಿಯಿಂದ ಒಂದು ಮುಲಾಮು ತಂದುಕೊಟ್ಟ. ಹಚ್ಚಿದ ಮರುದಿನವೇ ತುರಿಕೆ ಮಾಯ. ದೇವರೇ ಕಣ್ಣುಬಿಟ್ಟ ಎಂದುಕೊಂಡಳು. ಬಿಟ್ಟ ವಾರದೊಳಗೆ ಅದು ಎದೆಯಿಂದ ಹೆಗಲಿಗೆ, ಹೆಗಲಿಂದ ಬೆನ್ನಿಗೆ ದಾಟಿತು. ಮತ್ತೆ ಹಚ್ಚಿದರೆ ಮತ್ತೆ ತಣ್ಣಗೆ, ಬಿಟ್ಟರೆ ಇನ್ನಷ್ಟು ಅಗಲ. ಬೆನ್ನಿಗೆ ಅವಳ ಕೈ ಎಟುಕದು. ದೇವುವಿಗೆ ಹಚ್ಚಲು ಹೇಳಿದರೆ ಅವನು ಮಂಜುಗಣ್ಣಿನಲ್ಲಿ ಗೋಡೆಗೆ ಸುಣ್ಣ ಬಳಿದ ಹಾಗೆ ಬಳಿಯುತ್ತಿದ್ದ. ಕಲೆ ಇದ್ದಲ್ಲಿ ಬಿಟ್ಟು ಇಲ್ಲದಲ್ಲಿ ಹಚ್ಚುತ್ತಿದ್ದ. ಕಡೆಗೆ ಪೇಟೆಯ ಡಾಕ್ಟರೊಬ್ಬರ ಹತ್ತಿರ ಹೋದಳು. ಅವರು ಮಾತ್ರೆ ಬರೆದುಕೊಟ್ಟರು. ಗಂಜಿ ಉಂಡ ಮೇಲೆ ಒಂದೊಂದರಂತೆ ತಪ್ಪದೆ ನುಂಗಿ, ಮುಗಿದ ಮೇಲೆ ತೋರಿಸಲು ಹೋದರೆ, ಅವರು ದೂರದಿಂದಲೇ ನೋಡಿ, ನೀವು ಮಾತ್ರೆ ಸರಿಯಾಗಿ ತಗೊಂಡಿಲ್ಲ ಎಂದರು. ಗಣಪಿ ಸೆರಗಿನ ಗಂಟಿನಲ್ಲಿ ಮಾತ್ರೆಯ ಖಾಲಿ ಪಟ್ಟಿಗಳನ್ನು ಕಟ್ಟಿಕೊಂಡೇ ಹೋಗಿದ್ದಳು. ಬಿಚ್ಚಿ ತೋರಿಸಬೇಕು ಎನ್ನುವಷ್ಟರಲ್ಲಿ ಮುಂದಿನವರ ಹೆಸರು ಕೂಗಿದರು. ಬಸ್ಸಿನಲ್ಲಿ ಕೂತು ಮನೆಯವರೆಗೂ ಆ ಗಂಟನ್ನು ಹಿಡಿದುಕೊಂಡೇ ಬಂದಳು. ಕಾಯಿಲೆಗಿಂತ ಆ ಮಾತು ಹೆಚ್ಚು ಸುಟ್ಟಿತು.

ಆ ವರ್ಷ ಅವಳು ಮದುವೆಮನೆಗಳಿಗೆ ಹಾಡಲು ಹೋಗಲಿಲ್ಲ. ಹಾಡುವ ಹೆಂಗಸರು ಹೆಗಲಿಗೆ ಹೆಗಲು ತಾಗಿಸಿ ಕೂರುವುದು ವಾಡಿಕೆ. ಗಂಟಲು ಕಟ್ಟಿದೆ ಎಂದು ಸುಳ್ಳು ಹೇಳಿದಳು. ಕರೆಯಲು ಬಂದವರು ಶುಂಠಿ ಕಷಾಯ ಕುಡಿ ಎಂದು ಹೇಳಿ ಹೋದರು.

ಅಷ್ಟರಲ್ಲಿ ಅಂಕಿತಾಳ ಎಡಗೆನ್ನೆಯಲ್ಲಿ ಒಂದು ಕೆಂಪು ಉಂಗುರ ಮೂಡಿತು. ಅದೇ ಸುಮಾರಿಗೆ ಮಂಗಲಾಳ ಸೊಂಟದಲ್ಲೂ, ಲಂಗದ ಲಾಡಿ ಕಟ್ಟುವ ಜಾಗದಲ್ಲಿ, ಒಂದು ಕಾಣಿಸಿಕೊಂಡಿತು.

ದೇವುವಿನ ತಂಗಿ ಹೊನ್ನಮ್ಮನನ್ನು ಭಟ್ಕಳದ ಹತ್ತಿರದ ಮುಟ್ಟಳ್ಳಿಗೆ ಕೊಟ್ಟಿತ್ತು. ಬಾಯಿ ಜೋರು, ಮನಸ್ಸು ಕೆಟ್ಟದ್ದಲ್ಲ. ಅಣ್ಣನನ್ನು ನೋಡಲು ಬಂದವಳು ಮಗುವಿನ ಕೆನ್ನೆ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು. ಬೀಚಿಗೆ ಎಲ್ಲೆಲ್ಲಿಂದಲೋ ಬಂದವರು ಮಲಗಿದ ಹಾಸಿಗೆಬಟ್ಟೆ ದಿನಾ ಮುಟ್ಟಿದರೆ ಇನ್ನೇನು ಮನೆಗೆ ಬರುತ್ತದೆ, ಇದೆಲ್ಲ ಮಂಗಲಾ ತಂದದ್ದು ಎಂದು ಅಲ್ಲೇ ತೀರ್ಮಾನ ಹೇಳಿದಳು. ಗಣಪಿಗೆ ಚೆನ್ನಾಗಿ ಗೊತ್ತಿತ್ತು, ಮೊದಲು ಬಂದದ್ದು ತನಗೆ. ಆದರೂ ಹೊನ್ನಮ್ಮನ ಮಾತು ಕಿವಿಗೆ ಬಿದ್ದಾಗ ಒಳಗೆಲ್ಲೋ ಹಗುರವಾಯಿತು. ಮಂಗಲಾ ಮೈಮೇಲೆ ಕಾಣದ ಹಾಗೆ ಮೊದಲೇ ತಂದಿದ್ದಿರಬಹುದು, ಅವಳ ಬಟ್ಟೆಯಿಂದ ತನಗೆ ಹತ್ತಿರಬಹುದು ಎಂದು ಮನಸ್ಸು ಹೇಳಿತು. ಅವಳು ಹೌದು ಎನ್ನಲಿಲ್ಲ, ಅಲ್ಲ ಎಂದೂ ಎನ್ನಲಿಲ್ಲ. ಸೊಪ್ಪಿನ ಬೇರು ಕೊಯ್ಯುತ್ತ ಕೂತಳು.

ಮಂಗಲಾ ಒಳಗೆ ಒಲೆಯ ಮುಂದಿದ್ದಳು. ಎಲ್ಲ ಕೇಳಿಸಿತ್ತು. ಹೊನ್ನಮ್ಮನಿಗೆ ಚಾ ತಂದುಕೊಟ್ಟಳು, ಹೊರಟಾಗ ಬಸ್ಸಿನವರೆಗೆ ಚೀಲ ಹಿಡಿದು ಹೋದಳು. ಮಾರನೆಯ ದಿನ ಕೆಲಸಕ್ಕೆ ಹೋಗಲಿಲ್ಲ. ಯಾಕೆಂದು ಶನಿಯಾರ ಕೇಳಿದರೆ, ಬಿಟ್ಟೆ ಎಂದಳು ಅಷ್ಟೆ. ಅಂದಿನಿಂದ ಅವಳ ಬಟ್ಟೆ ಬೇರೆ ತಂತಿಯಲ್ಲಿ ಒಣಗತೊಡಗಿತು. ಅವಳ ತಟ್ಟೆ, ಲೋಟ ಬೇರೆ ಮೂಲೆ ಸೇರಿದವು. ಜಗಳವಿಲ್ಲ, ಗದ್ದಲವಿಲ್ಲ. ಅತ್ತೆ ಕೇಳಿದ್ದಕ್ಕೆ ಉತ್ತರ, ಕೇಳದಿದ್ದರೆ ಮೌನ. ಮೊದಲೆಲ್ಲ ಬೀಚಿನಿಂದ ಬಂದವಳು, ಅಲ್ಲಿಯ ಬಿಳಿಯರು ಬಂಗಡೆ ಮೀನಿನ ಮುಳ್ಳು ಬಿಡಿಸಲು ಬರದೆ ಪರದಾಡುವುದನ್ನು ನಟಿಸಿ ತೋರಿಸಿ ಗಣಪಿಯನ್ನು ನಗಿಸುತ್ತಿದ್ದಳು. ಆ ನಗು ಮನೆಯಿಂದ ಎದ್ದು ಹೋಯಿತು.

ಹೊನ್ನಾವರದಲ್ಲಿ ಚರ್ಮದ ಡಾಕ್ಟರೊಬ್ಬರು ಬಂದಿದ್ದಾರೆ, ಸಮಾಧಾನದಿಂದ ನೋಡುತ್ತಾರೆ ಎಂದು ಶನಿಯಾರನಿಗೆ ರಿಕ್ಷಾ ಸ್ಟ್ಯಾಂಡಿನಲ್ಲಿ ಯಾರೋ ಹೇಳಿದರು. ಮೂವರನ್ನೂ ಕರೆದುಕೊಂಡು ಹೋದ. ಡಾಕ್ಟರ ಹೆಸರು ವಿನುತಾ, ಭಟ್ಕಳದ ಕಡೆಯ ಹುಡುಗಿ, ಇನ್ನೂ ಚಿಕ್ಕ ಪ್ರಾಯ. ಅವರು ಕುರ್ಚಿ ಬಿಟ್ಟು ಎದ್ದು ಬಂದು ಗಣಪಿಯ ಸರಗಳನ್ನು ತಮ್ಮ ಕೈಯಿಂದಲೇ ಒಂದೊಂದಾಗಿ ಎತ್ತಿ ಕೆಳಗಿನ ಚರ್ಮ ನೋಡಿದರು. ಎಷ್ಟೋ ತಿಂಗಳಿಂದ ಮಗುವನ್ನೂ ದೇವುವನ್ನೂ ಬಿಟ್ಟರೆ ಬೇರೆ ಯಾರೂ ಅವಳ ಮೈ ಮುಟ್ಟಿರಲಿಲ್ಲ. ಗಣಪಿಗೆ ಕಣ್ಣು ತುಂಬಿತು. ತುರಿಕೆಗೆ ಎಂದು ಹೇಳಿ ಒರೆಸಿಕೊಂಡಳು.

ಹಿಂದೆ ಮಾತ್ರೆ ತಗೊಂಡಿದ್ದಿರಾ ಎಂದು ಡಾಕ್ಟರು ಗಣಪಿಯನ್ನು ಕೇಳಿದರು.

"ಒಂದೂ ಬಿಡ್ಲಿಲ್ಲ ಅಮ್ಮಾ," ಎಂದಳು. "ದೇವರ ಆಣೆ."

"ಆಣೆ ಎಂತಕ್ಕೆ? ನೀವು ಹೇಳಿದ್ರೆ ಸಾಕು," ಎಂದರು ವಿನುತಾ.

ಅಂಗಡಿಯ ಮುಲಾಮಿನಲ್ಲಿ ಸ್ಟೀರಾಯ್ಡ್ ಎಂಬುದನ್ನು ಬೆರೆಸಿರುತ್ತಾರೆ, ಅದು ತುರಿಕೆಯನ್ನು ಮಲಗಿಸುತ್ತದೆ, ರೋಗವನ್ನು ಸಾಕುತ್ತದೆ ಎಂದು ಹೇಳಿ ಅದನ್ನು ನಿಲ್ಲಿಸಿದರು. ಇದು ಹುಳವಲ್ಲ, ಉಪ್ಪಿನಕಾಯಿಗೆ ಕಟ್ಟುವ ಬೂಷ್ಟಿನ ಜಾತಿಯದ್ದು, ಚರ್ಮದ ಮೇಲ್ಪದರವನ್ನು ತಿಂದು ಬದುಕುತ್ತದೆ ಎಂದು ವಿವರಿಸಿದರು. ತಾವು ಓದಿದ ಮೆಡಿಕಲ್ ಕಾಲೇಜಿನಲ್ಲಿ ಕರಾವಳಿಯ ಗಜಕರ್ಣವನ್ನೇ ಹಿಡಿದು ಒಂದು ಅಧ್ಯಯನ ನಡೆಯುತ್ತಿದೆ, ನಿಮ್ಮ ಚರ್ಮದ ಹೊಟ್ಟು ಕೊಡಬಹುದೇ ಎಂದು ಒಪ್ಪಿಗೆ ಕೇಳಿದರು. ಮೊಂಡು ಅಲಗಿನಿಂದ ಕಲೆಯ ಅಂಚನ್ನು ಮೆಲ್ಲಗೆ ಕೆರೆದು ಉದುರಿದ ಹೊಟ್ಟನ್ನು ಕಪ್ಪು ಕಾಗದದ ಮೇಲೆ ಹಿಡಿದರು. ಗಣಪಿಯದು, ಮಂಗಲಾಳದು, ಕೂಸಿನದು, ಬೇರೆಬೇರೆ ಕಾಗದದ ಮಡಿಕೆ. ನಂತರ ಮೂವರಿಗೂ ಔಷಧಿ ಶುರುವಾಯಿತು. ದೊಡ್ಡವರಿಬ್ಬರಿಗೆ ಹಿಂದಿನ ಜಾತಿಯ ಮಾತ್ರೆಯೇ, ಆದರೆ ಪ್ರಮಾಣ ಹೆಚ್ಚು. ಮಗುವಿಗೆ ಅದರ ತೂಕಕ್ಕೆ ತಕ್ಕಷ್ಟು.

ಮಂಗಲಾಳ ಕಲೆ ಮಳೆಗಾಲ ಮುಗಿಯುವುದರೊಳಗೆ ಪೂರ್ತಿ ಹೋಯಿತು. ಸೊಂಟದಲ್ಲಿ ಒಂದು ಕಂದು ನೆರಳು ಉಳಿಯಿತು, ಅಷ್ಟೆ. ಗಣಪಿಯದೂ ಮಗುವಿನದೂ ಇದ್ದಲ್ಲೇ ಇತ್ತು. ಒಂದೇ ಮನೆ, ಒಂದೇ ಮಾತ್ರೆ. ಒಬ್ಬಳಿಗೆ ವಾಸಿ, ಇಬ್ಬರಿಗೆ ಇಲ್ಲ. ಅತ್ತೆ ಮಾತ್ರೆ ನುಂಗುವುದಿಲ್ಲ, ಮಗುವಿಗೂ ಸರಿಯಾಗಿ ಕೊಡುವುದಿಲ್ಲ ಎಂದು ಮಂಗಲಾ ಅಂದುಕೊಳ್ಳುತ್ತಿರಬಹುದೇ ಎಂಬ ಯೋಚನೆ ಗಣಪಿಯನ್ನು ಕೊರೆಯತೊಡಗಿತು. ಮಾತ್ರೆ ನುಂಗುವಾಗ ಸೊಸೆಗೆ ಕಾಣುವ ಹಾಗೆ ಅಂಗಳದ ಕಟ್ಟೆಯ ಮೇಲೆ ಕೂತು ನುಂಗುವಳು. ಮಂಗಲಾ ನೋಡಿಯೂ ನೋಡದವಳಂತೆ ಇರುವಳು.

ಭತ್ತದ ಕೊಯ್ಲು ಮುಗಿದ ಮೇಲೆ ಹೊನ್ನಾವರದಿಂದ ಫೋನ್ ಬಂತು. ಡಾಕ್ಟರು ಅಜ್ಜಿಯನ್ನೂ ಮಗುವನ್ನೂ ಕರೆದುಕೊಂಡು ಬರಲು ಹೇಳಿದ್ದರು. ಮಂಗಲಾ, ತನಗೆ ಗುಣವಾಗಿದೆಯಲ್ಲ, ಮನೆಯಲ್ಲೇ ಇರುತ್ತೇನೆ ಎಂದಳು. ಶನಿಯಾರ ರಿಕ್ಷಾದಲ್ಲಿ ಇಬ್ಬರನ್ನೂ ಕೂರಿಸಿಕೊಂಡು ಹೋದ.

ವಿನುತಾ ಹೇಳಿದ್ದು ಹೀಗೆ. ಕಾಲೇಜಿನವರು ಈ ಮೂವರ ಚರ್ಮದ ಹೊಟ್ಟಿನಿಂದ ಬೂಷ್ಟನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ಅದರ ಒಳಗಿನ ವಂಶದ ಬರಹವನ್ನು ಮೊದಲಿನಿಂದ ಕೊನೆಯವರೆಗೆ ಓದಿದ್ದಾರೆ. ಎರಡು ಕೋಟಿಗೂ ಹೆಚ್ಚು ಅಕ್ಷರಗಳು. ಹೊರಗಿನಿಂದ ನೋಡಿದರೆ ಮೂವರದೂ ಒಂದೇ ಜಾತಿ. ಒಳಗೆ ಓದಿದರೆ ಅಲ್ಲಲ್ಲಿ ಅಕ್ಷರ ಬೇರೆ. ಬೂಷ್ಟು ತನ್ನ ಮೈಪೊರೆ ಕಟ್ಟಿಕೊಳ್ಳಲು ಒಳಗೊಬ್ಬ ಕೆಲಸಗಾರನನ್ನು ಇಟ್ಟುಕೊಂಡಿರುತ್ತದೆ ಎಂದಿಟ್ಟುಕೊಳ್ಳಿ, ಮಾತ್ರೆ ಹೋಗಿ ಅವನ ಕೈ ಹಿಡಿದು ಕೆಲಸ ನಿಲ್ಲಿಸುತ್ತದೆ. ಗಣಪಿಯ ಮೈಮೇಲಿನದರಲ್ಲಿ ಒಂದು ಅಕ್ಷರ ಬದಲಾಗಿ ಆ ಕೈಯ ಆಕಾರವೇ ತುಸು ಬೇರೆಯಾಗಿದೆ. ಮಾತ್ರೆಗೆ ಹಿಡಿತ ಸಿಗುವುದಿಲ್ಲ. ಎಷ್ಟು ನುಂಗಿದರೂ ಅಷ್ಟೆ.

"ಹಂಗಾರೆ ನಾ ನುಂಗಿದ್ದು ಸುಳ್ಳಲ್ಲ," ಎಂದಳು ಗಣಪಿ.

"ಅಲ್ಲ ಅಮ್ಮಾ. ನಿಮ್ಮದು ತಪ್ಪೇ ಇಲ್ಲ. ಮಾತ್ರೆಯೇ ಸೋತದ್ದು."

ಅಕ್ಷರದ ಮಾತು ಗಣಪಿಗೆ ದೂರದ್ದು, ಆದರೆ ಬದಲಾಗುವುದು ಗೊತ್ತಿತ್ತು. ಒಂದೇ ಸೋಬಾನೆ ಹಾಡನ್ನು ಅಘನಾಶಿನಿಯ ಈಚೆ ಒಂದು ರೀತಿ, ಆಚೆ ಇನ್ನೊಂದು ರೀತಿ ಹಾಡುತ್ತಾರೆ. ಎಲ್ಲೋ ಯಾರದೋ ಬಾಯಲ್ಲಿ ಒಂದು ಮಾತು ಬೇರೆಯಾಗಿ, ಅವರಿಂದ ಕಲಿತವರೆಲ್ಲ ಹಾಗೇ ಹಾಡುತ್ತಾ ಹೋಗುತ್ತಾರೆ. ಅದನ್ನೇ ಡಾಕ್ಟರಿಗೆ ಹೇಳಿದಳು. ಹೌದು, ಇದೂ ಹೆಚ್ಚುಕಡಿಮೆ ಹಾಗೆಯೇ ಎಂದು ವಿನುತಾ ನಕ್ಕರು.

ಆಮೇಲೆ ಮಗುವಿನ ಕೆನ್ನೆ ನೋಡುತ್ತ ಕೇಳಿದಳು, "ಈ ಕೂಸಿಂದು ಯಾವ್ದು? ಮಂಗಲಂದೋ, ನಂದೋ?"

ಆ ಪ್ರಶ್ನೆಯ ಹಿಂದೆ ಮನೆಯೊಂದು ಇದೆ ಎಂದು ಡಾಕ್ಟರಿಗೆ ತಿಳಿದಿರಬೇಕು.

"ಮಗುವಿನದು ನಿಮ್ಮದರ ಹಾಗೇ ಇದೆ. ಮಂಗಲಾ ಅವರದು ಬೇರೆ ಬಳ್ಳಿ. ನಿಮಗೆ ಅವರಿಂದ ಬಂದದ್ದಲ್ಲ, ಅವರಿಗೆ ನಿಮ್ಮಿಂದ ಬಂದದ್ದೂ ಅಲ್ಲ ಅಂತ ಹೇಳಬಹುದು. ಆದರೆ ನಿಮಗೆ ಎಲ್ಲಿಂದ ಬಂತು, ಯಾರು ಯಾರಿಗೆ ಕೊಟ್ಟರು, ಅದೆಲ್ಲ ಇದರಲ್ಲಿ ಬರೆದಿರುವುದಿಲ್ಲ. ಬಸ್ಸಿನ ಸೀಟು, ನೆಂಟರ ಮನೆಯ ಕಂಬಳಿ, ಏನೂ ಆಗಿರಬಹುದು. ಕಾಯಿಲೆ ಬರುವುದು ಯಾರ ತಪ್ಪೂ ಅಲ್ಲ."

ಬೇರೆ ಮಾತ್ರೆ, ಹಚ್ಚಲು ಬೇರೆ ಮುಲಾಮು ಕೊಟ್ಟರು. ತಿಂಗಳುಗಟ್ಟಲೆ ತಗೊಳ್ಳಬೇಕು, ನಡುವೆ ರಕ್ತ ಪರೀಕ್ಷೆ ಮಾಡಿಸಬೇಕು, ಬಟ್ಟೆ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಕೊನೆಗೆ ಸರಗಳ ಮಾತು ಬಂತು. ವಾಸಿಯಾಗುವ ತನಕ ತೆಗೆದಿಟ್ಟರೆ ಒಳ್ಳೆಯದು, ಗಾಳಿಯಾಡಬೇಕು ಎಂದು ವಿನುತಾ ಬಹಳ ಸಂಕೋಚದಿಂದ ಹೇಳಿದರು. ಗಣಪಿ ಅಂಕಿತಾಳ ಕೆನ್ನೆಯನ್ನು ನೋಡಿದಳು. ಬಾಲ್ಯದಿಂದ ಒಂದೊಂದಾಗಿ ಸೇರಿದ ಸರಗಳು, ಹೆರಿಗೆಯಲ್ಲೂ ಬಿಚ್ಚಿರಲಿಲ್ಲ. ಅಲ್ಲೇ ಕುರ್ಚಿಯಲ್ಲಿ ಕೂತು ಬಿಚ್ಚತೊಡಗಿದಳು. ಹಳೆಯ ಗಂಟುಗಳು ಬಿಗಿದುಹೋಗಿದ್ದವು. ಶನಿಯಾರ ಬಗ್ಗಿ ಹಲ್ಲಿನಲ್ಲಿ ಕಚ್ಚಿ ಸಡಿಲ ಮಾಡಿದ.

ಮನೆಗೆ ಬಂದಾಗ ಮಂಗಲಾ ಮಸಾಲೆ ಅರೆಯುತ್ತಿದ್ದಳು. ಅತ್ತೆಯ ಬರಿಗೊರಳನ್ನು ಕಂಡು ಕೈ ನಿಂತಿತು. ಗಣಪಿ ಮಗುವನ್ನು ಕೆಳಗಿಳಿಸಿ, ಹೊನ್ನತ್ತೆಗೆ ಫೋನ್ ಹಚ್ಚು ಎಂದು ಮಗನಿಗೆ ಹೇಳಿದಳು, ಜೋರಾಗಿ ಕೇಳುವ ಹಾಗೆ ಇಡು ಎಂದಳು. ಆಚೆಯಿಂದ ಹೊನ್ನಮ್ಮ ಉಪಚಾರದ ಮಾತು ಶುರುಮಾಡಿದಳು. ಗಣಪಿ ತಡೆದಳು.

"ಹೊನ್ನಮ್ಮಾ, ಒಂದು ಮಾತು ಕೇಳು. ಡಾಕ್ಟ್ರು ಎಲ್ಲಾ ನೋಡಿ ಹೇಳಿದ್ರು. ಮಂಗಲನ ಮೈಮೇಲೆ ಇದ್ದದ್ದೇ ಬೇರೆ, ನಂದೇ ಬೇರೆ. ಕೂಸಿನ ಕೆನ್ನೆ ಮೇಲಿರೂದು ನಂದು. ಅಂದು ನೀ ಮಂಗಲನ್ನ ಹೇಳುವಾಗ ನಾ ಸುಮ್ನೆ ಕೂತೆ. ಕೂತದ್ದು ನನ್ನ ತಪ್ಪು."

ಮಂಗಲಾ ಇದ್ದಾಳಾ ಎಂದು ಆಚೆಯಿಂದ ಹೊನ್ನಮ್ಮ ಮೆತ್ತಗೆ ಕೇಳಿದಳು. ಶನಿಯಾರ ಫೋನನ್ನು ಹೆಂಡತಿಯ ಕಡೆ ಹಿಡಿದ. ಮಂಗಲಾ ಮಸಾಲೆಯ ಕೈಯನ್ನು ಹಾಗೇ ಎತ್ತಿಕೊಂಡು, "ಆತು ಅತ್ತೆ, ಬಿಡಿ," ಎಂದಳು. ಅಷ್ಟು ಹೇಳಿದ್ದೇ ಕೈ ತೊಳೆಯುವ ನೆಪ ಮಾಡಿ ಬಾವಿಕಟ್ಟೆಗೆ ಹೋದಳು. ಅಲ್ಲಿ ಬಹಳ ಹೊತ್ತು ನಿಂತಳು. ದೇವು ಎದ್ದು ಹೋಗಲು ಹೊರಟರೆ, ಅಳಲಿ ಬಿಡಿ ಎಂದು ಗಣಪಿ ತಡೆದಳು.

ಒಳಗೆ ಬಂದ ಮಂಗಲಾ ಡಾಕ್ಟರು ಕೊಟ್ಟ ಹೊಸ ಮುಲಾಮನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು.

"ಆಚೆ ತಿರ್ಗಿ ಅತ್ತೆ. ಮಾವನ ಕೈಲಿ ಇದು ಆಗೂದಲ್ಲ."

ಗಣಪಿ, ನಿನಗೆ ಮತ್ತೆ ಹತ್ತಿದರೆ ಎಂದಳು.

"ಹತ್ತಿದ್ರೆ ನೀವು ಹಚ್ತಿರಿ."

ಗಣಪಿ ಬಾಗಿಲ ಬೆಳಕಿಗೆ ಬೆನ್ನು ಕೊಟ್ಟು ಕೂತಳು. ಸೊಸೆಯ ಬೆರಳು ಕಲೆಯ ಹೊರಗಿನ ಚೆನ್ನಾದ ಚರ್ಮದಿಂದ ಶುರುವಾಗಿ ಸುತ್ತುತ್ತ ಒಳಕ್ಕೆ ಬಂತು. ಹೀಗೆ ಹಚ್ಚಬೇಕೆಂದು ಡಾಕ್ಟರು ಮೊದಲ ಸಲವೇ ಹೇಳಿದ್ದರು, ಮಂಗಲಾ ಮರೆತಿರಲಿಲ್ಲ. ಯಾವ ಯಾವ ಕಡೆ ಎಷ್ಟು ದೊಡ್ಡದಿದೆ ಎಂದು ಹೇಳುತ್ತ ಹಚ್ಚಿದಳು; ಸೊಂಟದ ಮೇಲಿನದು ಗೇರುಬೀಜದಷ್ಟು, ಹೆಗಲಿನದು ಹಲಸಿನ ಎಲೆಯಷ್ಟು. ಗಣಪಿ ತನ್ನ ಬೆನ್ನನ್ನು ಆ ದಿನ ಮೊದಲ ಬಾರಿಗೆ ಅವಳ ಮಾತಿನಲ್ಲಿ ಕಂಡಳು. ಹಚ್ಚಿ ಮುಗಿಸಿ ಸೋಪು ಹಾಕಿ ಕೈ ತೊಳೆದುಕೊಂಡು ಮಂಗಲಾ ಮೂಲೆಯಲ್ಲಿದ್ದ ತನ್ನ ತಟ್ಟೆ, ಲೋಟವನ್ನು ಎತ್ತಿ ಮನೆಯ ಪಾತ್ರೆಗಳ ಜೊತೆ ಇಟ್ಟಳು.

ವಾಸಿಯಾಗಲು ಬಹಳ ಕಾಲ ಹಿಡಿಯಿತು. ನಡುವೆ ಒಮ್ಮೆ ಮತ್ತೆ ಮರಳಿ ಬಂದು ಅತ್ತೆ ಸೊಸೆ ಇಬ್ಬರೂ ಧೃತಿಗೆಟ್ಟರು. ವಿನುತಾ ಔಷಧಿಯ ಅವಧಿ ಹೆಚ್ಚಿಸಿದರು. ಮಗುವಿನ ಕೆನ್ನೆ ಮೊದಲು ತಿಳಿಯಾಯಿತು, ಗಣಪಿಯ ಬೆನ್ನು ಕೊನೆಗೆ. ಮಂಗಲಾ ಬೀಚಿನ ಕೆಲಸಕ್ಕೆ ಮರಳಿದಳು. ಈಗ ಗ್ಲೋವ್ಸ್ ಇಲ್ಲದೆ ಬಟ್ಟೆ ಮುಟ್ಟುವುದಿಲ್ಲ ಎಂದು ಗೆಸ್ಟ್‌ಹೌಸಿನವರಿಗೆ ಮೊದಲೇ ಹೇಳಿ, ಅದನ್ನು ತರಿಸಿಕೊಂಡೇ ಕೆಲಸ ಹಿಡಿದಳು.

ಮುಂದಿನ ಬೇಸಿಗೆಗೆ ವಿನುತಾ ಭಟ್ಕಳದ ಹೆಬಳೆಯಲ್ಲಿ ಚರ್ಮದ ಕಾಯಿಲೆಗೆಂದು ಒಂದು ಶಿಬಿರ ಇಟ್ಟುಕೊಂಡರು. ಹೆಂಗಸರು ಬರುತ್ತಾರೆ, ಆದರೆ ತೋರಿಸುವುದಿಲ್ಲ, ನೀವಿಬ್ಬರೂ ಬಂದು ಕೂತರೆ ಸಾಕು ಎಂದು ಗಣಪಿಯನ್ನೂ ಮಂಗಲಾಳನ್ನೂ ಕರೆಸಿಕೊಂಡರು. ಶಾಲೆಯ ಕೋಣೆಯಲ್ಲಿ ಬೆಂಚುಗಳ ತುಂಬ ಹೆಂಗಸರು. ಬುರ್ಖಾದ ಒಬ್ಬಾಕೆ ಇದಕ್ಕೆ ತಮ್ಮಲ್ಲಿ ದಾದ್ ಎನ್ನುತ್ತಾರೆ ಎಂದಳು, ಆದರೆ ತನಗಿದೆ ಎನ್ನಲಿಲ್ಲ. ಗಣಪಿ ಎದ್ದು ನಿಂತು ಸೆರಗು ಸರಿಸಿ, ಹೆಗಲ ಮೇಲೆ ಉಳಿದ ಕಂದು ಕಲೆಗಳನ್ನು ತೋರಿಸಿದಳು. ಇದು ಹೊಲಸಿನಿಂದ ಬರುವುದಲ್ಲ, ಮಾತ್ರೆ ನುಂಗಿಯೂ ಹೋಗದಿರುವುದುಂಟು, ಆಗ ಬೇರೆ ಮಾತ್ರೆ ಉಂಟು ಎಂದು ಹೇಳಿದಳು. ಮಂಗಲಾ ಸೇರಿಸಿದಳು, ಅಂಗಡಿಯ ಮುಲಾಮು ಹಚ್ಚಬೇಡಿ. ಆ ಬುರ್ಖಾದಾಕೆ ಹತ್ತಿರ ಬಂದು ಕಲೆಯನ್ನು ಬೆರಳಿಂದ ಮುಟ್ಟಿ ನೋಡಿ, ನೋವಿದೆಯೇ ಎಂದು ಕೇಳಿದಳು. ಆಮೇಲೆ ತನ್ನ ತೋಳನ್ನು ಡಾಕ್ಟರಿಗೆ ತೋರಿಸಲು ಹೋದಳು.

ಕೊನೆಯ ಬೆಂಚಿನಲ್ಲಿ ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಗೋಡೆಗೆ ಅಂಟಿ ಕೂತಿದ್ದಳು. ಹೆಸರು ಸೌಜನ್ಯಾ. ಅವಳಿಗೆ ಕುತ್ತಿಗೆಯ ಹಿಂದೆ ಇತ್ತು, ಕೂದಲು ಇಳಿಬಿಟ್ಟು ಮುಚ್ಚಿಕೊಂಡಿದ್ದಳು. ಮನೆಯಲ್ಲಿ ಯಾರಿಗೂ ಹೇಳಿಲ್ಲ, ಅತ್ತೆಗೆ ಗೊತ್ತಾದರೆ ತವರಿಂದ ತಂದಳು ಅನ್ನುತ್ತಾರೆ ಎಂದು ಮಂಗಲಾಳ ಕಿವಿಯಲ್ಲಿ ಹೇಳಿದಳು.

ಮಂಗಲಾ ಅದನ್ನು ಗಣಪಿಗೆ ಮೆಲ್ಲಗೆ ಹೇಳಿದಳು. ಗಣಪಿ ಹುಡುಗಿಯ ಪಕ್ಕದಲ್ಲಿ ಬೆಂಚಿನ ಮೇಲೆ ಕೂತಳು, ಹೆಗಲು ತಾಗುವಷ್ಟು ಹತ್ತಿರ.

"ನಿನ್ನ ಅತ್ತೆ ಮನೇಲಿ ಇದ್ದಾಳಾ ಈಗ?"

ಹುಡುಗಿ ಹೌದೆಂದು ತಲೆಯಾಡಿಸಿದಳು. ಮನೆ ಎರಡು ಗದ್ದೆಯ ಆಚೆಗೆ ಇತ್ತು.

"ಹಂಗಾರೆ ನಡಿ ಮಗಾ. ಮೊದ್ಲು ಡಾಕ್ಟ್ರಿಗೆ ತೋರ್ಸು, ಆಮೇಲೆ ನಾವಿಬ್ರೂ ನಿನ್ನ ಸಂಗ್ತಿಗೆ ಮನೆಗೆ ಬತ್ತೆವು. ಅತ್ತೆ ಹತ್ರ ನಾ ಮಾತಾಡ್ತೆ."

ಮಧ್ಯಾಹ್ನದ ಬಿಸಿಲಿನಲ್ಲಿ ಮೂವರೂ ಗದ್ದೆಯ ಬದುವಿನ ಮೇಲೆ ಒಬ್ಬರ ಹಿಂದೆ ಒಬ್ಬರು ನಡೆದು ಹೋದರು. ಹುಡುಗಿಯ ಅತ್ತೆ ಅಂಗಳದಲ್ಲಿ ತೆಂಗಿನಗರಿ ಹೆಣೆಯುತ್ತಿದ್ದವಳು ಅಪರಿಚಿತರನ್ನು ಕಂಡು ಎದ್ದು ನಿಂತು, ಮೊದಲು ಕುಡಿಯಲು ನೀರು ಬೆಲ್ಲ ತರಲು ಒಳಗೆ ಹೋದಳು.